ಅಜ್ಜಿಮನೆ ಬಳಗ ಮತ್ತು ಹದಿಮೂರನೇ ಎಲೆ

ನವೆಂಬರ್ ಒಂದು, ಬೆಳಗ್ಗೆ ಆರೂವರೆಯಿಂದ "ಅಜ್ಜಿಮನೆ ಬಳಗ" ಗ್ರೂಪಲ್ಲಿ ಬರೀ ಹಳದಿ ಕೆಂಪು ಬಾವುಟ, ಭುವನೇಶ್ವರಿ ಫೋಟೋ. ಒಂದೇ ಫೋಟೋನ ನಾಲ್ಕು ಜನ ಹಾಕಿದಾರೆ. ಅದರ ಮಧ್ಯ ದೊಡ್ಡಪ್ಪಂದು ಇದು ಬಂತು, ಮೇಲೆ ಡಬಲ್ ಬಾಣ, ಅಂದ್ರೆ ಊರೆಲ್ಲಾ ಸುತ್ತಿ ಬಂದಿರೋದು:

⚠️ ಎಚ್ಚರ!! ನಿಮ್ಮ ಮಕ್ಕಳ ಕೈಯಲ್ಲಿ ಈ ಕಾರ್ಡ್ ಇದೆಯೇ?? 5000 ವರ್ಷಗಳ ಹಿಂದೆ ಈಜಿಪ್ಟಿನ ಪೂಜಾರಿಗಳು ರಚಿಸಿದ, ಭವಿಷ್ಯ ಹೇಳುವ ಟ್ಯಾರೋ ಎಲೆಗಳಲ್ಲಿ ಆತ್ಮಗಳು ವಾಸಿಸುತ್ತವೆ. ವಿಧಿ ತಿಳಿಯದೆ ಮುಟ್ಟಿದರೆ ಮನೆಗೆ ಕಂಟಕ..... ಮುಂದೆ ಓದಿ

ದೊಡ್ಡಪ್ಪ: ಎಲ್ಲರೂ ಗಮನಿಸಿ. ನಾನು ಯಾರ ಹೆಸರನ್ನೂ ಹೇಳುವುದಿಲ್ಲ. ನಮ್ಮ ಮನೆತನದ ಹೆಣ್ಣುಮಗಳೊಬ್ಬಳ ಸ್ಟೇಟಸ್ಸಿನಲ್ಲಿ ಅಸ್ಥಿಪಂಜರ ಕುದುರೆ ಏರಿ ಬರುವ ಎಲೆ, ಪಕ್ಕದಲ್ಲಿ ಮೇಣದಬತ್ತಿ. ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಓದಲಿ ಅಂತ ಕಳಿಸಿದ್ದು.

ಶಿವಮೊಗ್ಗ ಅತ್ತೆ: ಅಯ್ಯೋ ನಾನು ಹ್ಯಾಲೋವೀನ್ ಇರ್ಬೇಕು ಅಂತ ಹಾರ್ಟ್ ಒತ್ತಿಬಿಟ್ಟೆ ಅಣ್ಣ, ಈಗ ತೆಗಿಯೋದು ಹೆಂಗೆ

ಬ್ಯಾಂಕ್ ಚಿಕ್ಕಪ್ಪ: ಸೋರ್ಸ್?

ದೊಡ್ಡಪ್ಪ: ಯಾವುದಕ್ಕೆ

ಬ್ಯಾಂಕ್ ಚಿಕ್ಕಪ್ಪ: 5000 ವರ್ಷಕ್ಕೆ. ಯಾರು ಬರ್ದಿದಾರೆ ಎಲ್ಲಿ ಬರ್ದಿದಾರೆ ಲಿಂಕ್ ಹಾಕಿ

ಶಿವಮೊಗ್ಗ ಅತ್ತೆ: 2016ರಲ್ಲಿ ಎರಡು ಸಾವಿರದ ನೋಟಲ್ಲಿ ಚಿಪ್ ಇದೆ ಅಂತ ಇದೇ ಗ್ರೂಪಿಗೆ ಹಾಕಿದ್ದು ಯಾರಪ್ಪಾ, ಅದೂ ಬ್ಯಾಂಕಲ್ಲಿ ಕೂತ್ಕೊಂಡು

ಬ್ಯಾಂಕ್ ಚಿಕ್ಕಪ್ಪ: ಅಕ್ಕ ಅದು ಬೇರೆ ವಿಷಯ

ಶಿವಮೊಗ್ಗ ಅತ್ತೆ: ಅವಳು ಏನೋ ಪೇಗನ್ ಅಂತ ಬರ್ಕೊಂಡಿದಾಳೆ. ವೀಗನ್ ತರಾನಾ? ತುಪ್ಪ ತಿನ್ನಲ್ವಾ? ಹೋದ ತಿಂಗಳು ತಾನೇ ಒಂದು ಕೇಜಿ ಕಳ್ಸಿದೀನಿ

(ಲೀಡ್ಸಲ್ಲಿರೋ ಆ ಹುಡುಗಿ ಪುಟ್ಟಿ. ಅವಳ ಅಮ್ಮ ಆನ್‌ಲೈನ್ ಇದಾರೆ, ಕಾಣ್ತಿದೆ. ಮಾತಿಲ್ಲ. ಅವರು ಈ ಗ್ರೂಪಲ್ಲಿ ಮಾತಾಡಿದ್ದು ನಾನಂತೂ ನೋಡಿಲ್ಲ.)

ದೊಡ್ಡಪ್ಪ: ಧರ್ಮರಾಯನಂಥವನೇ ಪಗಡೆ ಮುಟ್ಟಿ ಕೆಟ್ಟ. ಎಲೆ ಹಿಡಿದ ಕೈಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ.

ಗುಂಡಣ್ಣ: ಅಪ್ಪ ಶಿವರಾತ್ರಿ ಜಾಗರಣೆಗೆ ಅಜ್ಜಿಮನೆ ಜಗಲಿಲಿ ಬೆಳಗಿನ ಜಾವದ ತನಕ ಇಸ್ಪೀಟ್ ಆಡ್ತಿದ್ದೋರು ಯಾರು 😂 ಅಜ್ಜಿ ಕಾಫಿ ಕೊಟ್ಟು ಕೊಟ್ಟು ಸುಸ್ತಾಗೋರು. ಆ ಗಿಳಿಶಾಸ್ತ್ರದವನು ನೆನಪಿದಾನಾ, ಗಿಳಿ ಎಲೆ ಎಳೆದು ಕೊಡೋದು, ನಂಗೆ ಯಾವಾಗ್ಲೂ ವೆಂಕಟರಮಣ ಬರ್ತಿದ್ದ, ಚಿಕ್ಕಪ್ಪಂಗೆ ಶನಿ

ಹನ್ನೆರಡೂವರೆಗೆ ಪುಟ್ಟಿ ಎದ್ದಳು. ಅಲ್ಲಿ ಏಳು ಗಂಟೆ.

ಪುಟ್ಟಿ ಲೀಡ್ಸ್: ದೊಡ್ಡಪ್ಪ ಈಗ ಎದ್ದೆ, 94 ಮೆಸೇಜ್ ನೋಡಿ ಯಾರೋ ಹೋಗ್ಬಿಟ್ರಾ ಅಂತ ಎದೆ ಧಸಕ್ ಅಂತು. ಈಜಿಪ್ಟ್ ಕತೆ ಎಲ್ಲ ಸುಳ್ಳು. ಟ್ಯಾರೋ ಹುಟ್ಟಿದ್ದು ಹದಿನೈದನೇ ಶತಮಾನದಲ್ಲಿ ಉತ್ತರ ಇಟಲಿಲಿ, ಮಿಲಾನ್ ಕಡೆ ಅರಮನೆಗಳಲ್ಲಿ ನೀವು ಜಗಲಿಲಿ ಆಡ್ತಿದ್ರಲ್ಲ ಹಾಗೇ ಆಟಕ್ಕೆ. ಈಜಿಪ್ಟ್ ಅಂತ ಎಬ್ಬಿಸಿದ್ದು ಕೂರ್ ದ ಜೆಬೆಲಿನ್ ಅಂತ ಪ್ಯಾರಿಸ್‌ನಲ್ಲಿ ಒಬ್ಬ, 1781ರಲ್ಲಿ, ಆಗ ಆ ಚಿತ್ರಲಿಪಿ ಓದೋಕೇ ಯಾರಿಗೂ ಬರ್ತಿರ್ಲಿಲ್ಲ, ಶಾಂಪೋಲಿಯೋ ಅದನ್ನ ಬಿಡಿಸಿದ್ದು 1822ಕ್ಕೆ. ನಿಮ್ಮ ಫಾರ್ವರ್ಡ್‌ಗೆ ಇನ್ನೂರ ನಲವತ್ತು ವರ್ಷ ವಯಸ್ಸು. ನನ್ನತ್ರ ಇರೋದು 1909ರಲ್ಲಿ ಲಂಡನ್ನಿಂದ ಬಂದ ಚಿತ್ರಗಳು, 78 ಎಲೆ, ಬಿಡಿಸಿದವಳು ಪಮೇಲಾ ಕೋಲ್ಮನ್ ಸ್ಮಿತ್, ಆದ್ರೆ ಎಷ್ಟೋ ವರ್ಷ ಜನ ಕರೀತಿದ್ದಿದ್ದು ಪಬ್ಲಿಷರ್ ರೈಡರ್ ಹೆಸರಲ್ಲಿ, ಹೇಳಿ ಬರೆಸಿದ ವೇಟ್ ಹೆಸರಲ್ಲಿ

ಬ್ಯಾಂಕ್ ಚಿಕ್ಕಪ್ಪ: ಗುಡ್. ಸೋರ್ಸ್?

ಶಿವಮೊಗ್ಗ ಅತ್ತೆ: ಕೆಲಸ ಮಾಡಿದ್ದು ಹೆಂಗಸು ಹೆಸರು ಗಂಡಸರದ್ದು. ಗುಂಡನ ಲಗ್ನಪತ್ರಿಕೇಲಿ ನನ್ನ ಹೆಸರು ಬಿಟ್ಟಂಗೆ

ದೊಡ್ಡಪ್ಪ: ಪ್ರೆಸ್ಸಿನವರ ತಪ್ಪು ಎಂದು ಆಗಲೇ ಹೇಳಿಯಾಗಿದೆ.

ಶಿವಮೊಗ್ಗ ಅತ್ತೆ: ಪ್ರೆಸ್ಸಿನವರಿಗೆ ಅತ್ತಿಗೆ ತಮ್ಮಂದಿರ ಹೆಸರು ಮೂರೂ ನೆನಪಿತ್ತು ಪಾಪ

ದೊಡ್ಡಪ್ಪ: ವಿಷಯಾಂತರ ಬೇಡ. ಪುಟ್ಟಿ, ಆ ಅಸ್ಥಿಪಂಜರ ಯಾಕೆ ಮಗು?

ಪುಟ್ಟಿ ಲೀಡ್ಸ್: ಅದು ಹದಿಮೂರನೇ ಎಲೆ ದೊಡ್ಡಪ್ಪ. ಯಾರೋ ಸಾಯ್ತಾರೆ ಅಂತಲ್ಲ, ಒಂದು ಮುಗೀತು ಇನ್ನೊಂದು ಶುರು ಅಂತ. ಚಿತ್ರ ದೊಡ್ಡದು ಮಾಡಿ ನೋಡಿ, ಹಿಂದೆ ಎರಡು ಗೋಪುರದ ಮಧ್ಯ ಸೂರ್ಯ ಇದಾನೆ. ನಿನ್ನೆ ಸಾವಿನ್ ಹಬ್ಬ ಅಲ್ವಾ ಅದಕ್ಕೆ

ದೊಡ್ಡಪ್ಪ: ಸಾವಿನ ಹಬ್ಬವೇ!! ರಾಮ ರಾಮ

ಪುಟ್ಟಿ ಲೀಡ್ಸ್: ಅಯ್ಯೋ ಸಾವಿನ ಅಲ್ಲ ಸಾವಿನ್, ಹಳೇ ಐರಿಷ್ ಹೆಸರು, ಬೇಸಿಗೆ ಮುಗಿದು ಚಳಿ ಶುರುವಾಗೋ ಹಬ್ಬ. ಸತ್ತೋರನ್ನ ನೆನೆಸ್ಕೋತಾರೆ ನಮ್ಮ ಪಿತೃಪಕ್ಷದ ಹಾಗೆ. ಪೇಗನ್ ಅಂದ್ರೆ ಕ್ರೈಸ್ತ ಧರ್ಮಕ್ಕಿಂತ ಮುಂಚಿನ ಹಳೇ ದೇವರು, ಪ್ರಕೃತಿ ಇವನ್ನ ನಂಬೋರು ಅತ್ತೆ, ತುಪ್ಪಕ್ಕೂ ಅದಕ್ಕೂ ಸಂಬಂಧ ಇಲ್ಲ. 2021ರ ಜನಗಣತಿಲಿ ಇಂಗ್ಲೆಂಡ್ ವೇಲ್ಸ್ ಸೇರಿ 74,000 ಜನ ಧರ್ಮದ ಕಾಲಂನಲ್ಲಿ ಪೇಗನ್ ಅಂತ ಬರೆಸಿದಾರೆ. ನಾನು ಯಾವ ಗುಂಪಿಗೂ ಸೇರಿಲ್ಲ. ದಿನಾ ಬೆಳಗ್ಗೆ ಟೀ ಜೊತೆ ಒಂದು ಎಲೆ ತೆಗಿತೀನಿ, ಏನು ಹೊಳೀತು ಅಂತ ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೀತೀನಿ, ಜೊತೆಗೆ ಒಂದು ಪುರಾಣದ ಕತೆ ಓದ್ತೀನಿ, ಅಷ್ಟೇ. ಈ ವಾರ ಒಂದು ದಿನ ಬಂದಿದ್ದು ಹನ್ನೆರಡನೇದು, ತಲೆಕೆಳಗಾಗಿ ನೇತಾಡೋನು. ಅದರ ಜೊತೆ ಓದಿದ್ದು ಉತ್ತರ ಯುರೋಪಿನ ಹಳೇ ದೇವರು ಓಡಿನ್ ಕತೆ, ಮರಕ್ಕೆ ನೇತುಬಿದ್ದು ಒಂಬತ್ತು ರಾತ್ರಿ ಅನ್ನ ನೀರಿಲ್ದೆ ತನಗೆ ತಾನೇ ಬಲಿಯಾಗಿ ಅಕ್ಷರ ಗಳಿಸ್ಕೊಂಡ. ಇಟಲಿಯವರು ಆ ಎಲೆಗೆ ದ್ರೋಹಿ ಅಂತಿದ್ರು, ಓಡಿನ್ನಿಗೂ ಅದಕ್ಕೂ ಆಗ ಸಂಬಂಧ ಇರ್ಲಿಲ್ಲ, ಜೋಡಿಸ್ಕೊಂಡಿರೋದು ಈಚಿನವರು, ಅದು ನಂಗೂ ಗೊತ್ತು

ದೊಡ್ಡಪ್ಪ: ಅದು ತಪಸ್ಸು. ನಮ್ಮಿಂದಲೇ ಅಲ್ಲಿಗೆ ಹೋಗಿದ್ದು.

ಬ್ಯಾಂಕ್ ಚಿಕ್ಕಪ್ಪ: ಸೋರ್ಸ್?

ದೊಡ್ಡಪ್ಪ: ಪುರಾಣ ಬೇಕಿದ್ದರೆ ನಮ್ಮಲ್ಲಿ ಹದಿನೆಂಟಿವೆ. ಎಲೆ ಯಾಕೆ?

ಪುಟ್ಟಿ ಲೀಡ್ಸ್: ನಮ್ಮಲ್ಲೂ ಎಲೆ ಇದೆ ದೊಡ್ಡಪ್ಪ, ದಶಾವತಾರ ಗಂಜೀಫಾ, ಅವತಾರಕ್ಕೆ ಹನ್ನೆರಡರಂತೆ 120. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಅನ್ನೋ ಗ್ರಂಥದಲ್ಲಿ ಈ ಆಟಗಳಿಗೆ ಅಂತಲೇ ಕೌತುಕನಿಧಿ ಅಂತ ಒಂದು ಭಾಗ ಇಟ್ಟಿದಾರೆ

ಮಹಾರಾಜರ ಹೆಸರು ಬಂದಮೇಲೆ ದೊಡ್ಡಪ್ಪ ಹತ್ತು ನಿಮಿಷ ಟೈಪ್ ಮಾಡಿದರು, ನಿಲ್ಲಿಸಿದರು, ಮತ್ತೆ ಟೈಪ್ ಮಾಡಿದರು. ಬಂದಿದ್ದು ಒಂದು 🙏.

ಚಿಕ್ಕಪ್ಪ ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ.

ಬ್ಯಾಂಕ್ ಚಿಕ್ಕಪ್ಪ: ಅಣ್ಣ ಎಲೆ ಕೇಳೋದು ತಪ್ಪು ಹೂ ಕೇಳೋದು ಸರೀನಾ? ಸೈಟ್ ತಗೊಳ್ಳೋವಾಗ ಪ್ರಸಾದ ಕೇಳಿದ್ರಿ, ಬಲಗಡೆ ಬಿತ್ತು ಅಂತ ನನ್ನ ಹತ್ರ ಮೂರು ಲಕ್ಷ ಇಸ್ಕೊಂಡ್ರಿ, ಸೈಟು ಕೆರೆ ಅಂಗಳದಲ್ಲಿತ್ತು

ದೊಡ್ಡಪ್ಪ: ಆ ಹಣ ಎರಡು ಕಂತಿನಲ್ಲಿ ತೀರಿಸಿದ್ದೇನೆ.

ಬ್ಯಾಂಕ್ ಚಿಕ್ಕಪ್ಪ: ಒಂದೂವರೆ ಕಂತು

ಗುಂಡಣ್ಣ: ಬಿಡಿ ಚಿಕ್ಕಪ್ಪ. ಅಜ್ಜಿ ಕವಡೆ ಹಾಕ್ತಿದ್ರಲ್ಲ, ಎಮ್ಮೆ ಕಳೆದಾಗ ಹಿತ್ತಾಳೆ ತಟ್ಟೇಲಿ ಗಲಗಲ ಅಂತ ಉರುಳಿಸಿ ಪೂರ್ವಕ್ಕೆ ಹೋಗ್ರೋ ಅನ್ನೋರು, ಎಮ್ಮೆ ಪಶ್ಚಿಮದಲ್ಲಿ ಸಿಗೋದು 😂

ಶಿವಮೊಗ್ಗ ಅತ್ತೆ: ಆ ಕವಡೆ ಡಬ್ಬ ನಂಗೆ ಅಂತ ಅಮ್ಮ ಹೇಳಿದ್ರು. ಎಲ್ಲಿ ಅಣ್ಣ ಅದು

ದೊಡ್ಡಪ್ಪ: ಗೆದ್ದಲು ಹಿಡಿದು ಹೋಯಿತು.

ಬ್ಯಾಂಕ್ ಚಿಕ್ಕಪ್ಪ: ಕವಡೆಗೆ ಗೆದ್ದಲು ಹಿಡಿಯುತ್ತಾ?? ಸೋರ್ಸ್???

ಈ ಹೊತ್ತಿಗೆ ನಾನು, ಊಟ ಆಗಿತ್ತು, ಬೇರೆ ಕೆಲಸ ಇರಲಿಲ್ಲ, ಆ ಫಾರ್ವರ್ಡಿನ "ಮುಂದೆ ಓದಿ" ಒತ್ತಿದೆ. ಕೆಳಗಿತ್ತು: "ಆದ್ದರಿಂದ ಗುರುಮುಖೇನ ಕಲಿಯಿರಿ. 21 ದಿನದಲ್ಲಿ ಟ್ಯಾರೋ, ಆನ್‌ಲೈನ್ ಕ್ಲಾಸ್, ₹999 ಮಾತ್ರ, ಮೊದಲ 50 ಜನಕ್ಕೆ ಕಾರ್ಡ್ ಉಚಿತ." ಸ್ಕ್ರೀನ್‌ಶಾಟ್ ಹಾಕಿದೆ. ಅತ್ತೆ ಒಂಬತ್ತು ನಗೋ ಮುಖ ಹಾಕಿದರು.

ದೊಡ್ಡಪ್ಪ: ನಾನು ಮೇಲಿನ ಭಾಗಕ್ಕೆ ಮಾತ್ರ ಕಳಿಸಿದ್ದು.

ಸಂಜೆ ಗುಂಡಣ್ಣ ಒಂದು ಫೋಟೋ ಹಾಕಿದ. ತುಕ್ಕು ಹಿಡಿದ ಬೋರ್ನ್‌ವೀಟಾ ಡಬ್ಬ, ಪಕ್ಕದಲ್ಲಿ ಪೇಪರ್ ಮೇಲೆ ಸಾಲಾಗಿ ಕವಡೆ.

ಗುಂಡಣ್ಣ: ಅಟ್ಟದ ಮೇಲಿತ್ತು. ಅಪ್ಪ ಬೈಬೇಡಿ. ಹನ್ನೊಂದಿದೆ

ಶಿವಮೊಗ್ಗ ಅತ್ತೆ: ಹನ್ನೆರಡಿತ್ತು

ದೊಡ್ಡಪ್ಪ: ಹನ್ನೊಂದೇ ಇದ್ದದ್ದು.

ಶಿವಮೊಗ್ಗ ಅತ್ತೆ: ಹನ್ನೆರಡು. ಒಂದರ ಬಾಯಿ ಮುಕ್ಕಾಗಿತ್ತು, ನಾನೇ ಬೀಳಿಸಿದ್ದು

ಪುಟ್ಟಿ ಏನೂ ಬರೀಲಿಲ್ಲ. ಅವಳ ಸ್ಟೇಟಸ್ ಇನ್ನೂ ಇತ್ತು, ತೆಗೆದು ನೋಡಿದೆ. ಅಸ್ಥಿಪಂಜರ, ಬಿಳಿ ಕುದುರೆ, ಮೇಣದಬತ್ತಿ. ಬತ್ತಿ ಬುಡದಲ್ಲಿ ಏನೋ ಬೆಳ್ಳಗೆ, ಕರಗಿದ ಮೇಣ ಅಂದ್ಕೊಂಡಿದ್ದೆ. ಬೆರಳಿಟ್ಟು ದೊಡ್ಡದು ಮಾಡಿದೆ. ಕವಡೆ, ಬಾಯಿ ಮುಕ್ಕಾಗಿರೋದು. ಗ್ರೂಪಲ್ಲಿ ಇನ್ನೂ ಹನ್ನೊಂದಾ ಹನ್ನೆರಡಾ ನಡೀತಿತ್ತು. ನಾನು ಮ್ಯೂಟ್ ಮಾಡಿದೆ.