ಟಿವಿ ಡೈರೆಕ್ಟರ್ ಆಗಾಕ ಒಂದೂವರೆ ವರ್ಷ ಸಾಕೇನು?

(ಧಾರವಾಡ ಕಾಲೇಜು ಹಳೇ ವಿದ್ಯಾರ್ಥಿಗಳ ರಂಗ–ಮಾಧ್ಯಮ ಗುಂಪು)

ಮಂಜು: [ಫಾರ್ವರ್ಡ್ ಆದ ಪೋಸ್ಟರ್] "ಕಿರುತೆರೆ ನಿರ್ದೇಶಕರಾಗಿ! ಸಹಾಯಕ 6 ತಿಂಗಳು, ಸಹ ನಿರ್ದೇಶಕ 1 ವರ್ಷ, ನಂತರ ಸ್ವತಂತ್ರ ನಿರ್ದೇಶಕ."

ಮಂಜು: ಅಕ್ಕನ ಮಗ ಕೇಳಾಕತ್ತಾನ. ಬರೋಬರಿ ಐತೇನ್ರಿ ಇದು?

ಈರಣ್ಣ: ಬರೇ ಸುಳ್ಳ. ನಟರನ್ನ ಸಂಭಾಳಸಾಕ ಬರದಾಂವ ಹತ್ತು ವರ್ಷ ಸೆಟ್ಟಿನಾಗ ಕ್ಲ್ಯಾಪ್ ಬೋರ್ಡ್ ಹೊಡದ್ರೂ ಅಷ್ಟ. ಊರಾಗ ರಂಗಾಯಣ ಐತಿ, ಮೊದಲ ನಾಟಕಕ್ಕ ಹಚ್ಚು ಅವನ್ನ.

ಶೈಲಾ: ನಾಟಕ ಬ್ಯಾಡ ಅನ್ನಂಗಿಲ್ಲ ಈರಣ್ಣಾ. ಆದ್ರ ಡೈಲಿ ಸೀರಿಯಲ್ ನಡಿಯೂದು ಗಡಿಯಾರದ ಮ್ಯಾಲೆ. ತಾಸಿಗೆ 12 ನಿಮಿಷದ ಮ್ಯಾಲೆ ಜಾಹೀರಾತು ಹಾಕಂಗಿಲ್ಲಂತ ಟ್ರಾಯ್ (ಟಿವಿ, ಫೋನು ನಿಯಂತ್ರಣ ಪ್ರಾಧಿಕಾರ) ನಿಯಮ ಐತಿ. ಅರ್ಧ ತಾಸಿನ ಸ್ಲಾಟಿಗೆ 6 ಹೋತು. ಉಳದ 24ರಾಗ ಟೈಟಲ್, ಹಿಂದಿನ ಕಥಿ, ನಾಳಿನ ತುಣುಕು ತಗದ್ರ 22ರ ಆಸುಪಾಸು. ಇಷ್ಟನ್ನ ವಾರಕ್ಕ ಐದಾರು ಸಲ ತುಂಬಸಬೇಕು. ಡೈಲಾಗ್ ಶೀಟ್ ಬಂದ ಕೂಡ್ಲೆ ಗಟ್ಟಿಯಾಗಿ ಓದಿ ಸ್ಟಾಪ್‌ವಾಚ್ ಹಿಡಿಯೂದು ಮೊದಲ ಕೆಲಸ. ಮನಸಿನಾಗ ಓದಿದ್ರ ವ್ಯಾಳ್ಯಾ ಕಡಿಮಿ ಬರ್ತದ, ಎಡಿಟಿಗೆ ಬಂದ ಮ್ಯಾಲೆ ಸೀನು ಉದ್ದ ಆಗ್ತದ.

ಈರಣ್ಣ: ಗಡಿಯಾರ ನೋಡ್ಕೋಳಾಕ ಮ್ಯಾನೇಜರ್ ಇರ್ತಾನಲ್ಲ ಶೈಲಕ್ಕ! ಶಂಕರ್ ನಾಗ್ ದೂರದರ್ಶನಕ್ಕ ‘ಮಾಲ್ಗುಡಿ ಡೇಸ್’ ಮಾಡಿದ್ದು ರಂಗಭೂಮಿ ಬಲದ ಮ್ಯಾಲೇನ.

ಶೈಲಾ: ಅದು ಹೆಚ್ಚಾಗಿ ಎಪಿಸೋಡಿಗೊಂದು ಕಥಿ, ಆಗುಂಬೆಯಂಥಾ ಊರು ಪೂರಾ ಸಿಕ್ಕಿತ್ತು. ಒಂದ ಮನಿ ಸೆಟ್ಟಿನಾಗ ವರ್ಷಗಟ್ಟಲೆ ತಗಿಯೂ ಸೀರಿಯಲ್ಲಿಗೆ ಅದನ್ನ ಹೋಲಸಬ್ಯಾಡ. ಇಲ್ಲಿ ಅಡಗಿಮನಿ ಸೀನು ಅಂದ್ರ ನಾಕೈದು ಎಪಿಸೋಡಿನ ಅಡಗಿಮನಿ ಸೀನೆಲ್ಲಾ ಒಂದ ದಿನ ತಗೀತಾರ, ಲೈಟ್ ಮತ್ತ ಮತ್ತ ಹಾಕೂದು ತಪ್ಪತದಂತ. ಹೊಸದಾಗಿ ಸೇರಿದ ಅಸಿಸ್ಟೆಂಟ್ ಕಲಿಯೂದು ಅಲ್ಲೇ, ಕಂಟಿನ್ಯೂಟಿ ಹಾಳಿ (ಸೀನಿನಿಂದ ಸೀನಿಗೆ ಏನೂ ತಪ್ಪಬಾರದಂತ ಇಡೂ ಪಟ್ಟಿ) ಬರಕೋತ. ಸೀರಿ ಯಾವುದು, ತಾಳಿ ಒಳಗೋ ಹೊರಗೋ, ಹೂವು ಎಷ್ಟು ಮೊಳ, ಚಾದ ಕಪ್ಪು ಯಾವ ಕೈಯಾಗಿತ್ತು. ಹುಡುಗ್ರು ಸೀನ್ ಶುರುಕ್ಕ ಮೊಬೈಲಿನಾಗ ಫೋಟೋ ತಗೊಂಡು ಸುಮ್ನಾಗ್ತಾರ. ಮುಂದಿನ ಸೀನು ಜೋಡಸೂದು ‘ಕಟ್’ ಅಂದಾಗಿನ ಸ್ಥಿತಿಗೆ. ಅಷ್ಟೊತ್ತಿಗೆ ಸೆರಗು ಜಾರಿರ್ತದ, ಕಪ್ಪು ಖಾಲಿ ಆಗಿರ್ತದ. ಅದಕ್ಕ ಕಟ್ ಆದಮ್ಯಾಲೆ ಯಾರನ್ನೂ ಅಳ್ಳಾಡಸಗೊಡದ, ಮುಂದ, ಹಿಂದ ಎರಡೂ ಕಡೆ ಫೋಟೋ ಬೇಕು.

ಈರಣ್ಣ: ಆತು. ಈಗ ಅಳೂ ಸೀನ್ ತಗೋರಿ. ಒಂದ ಕ್ಯಾಮೆರಾ ಇದ್ರ ಎಲ್ಲಾರೂ ಮೊದಲ ಮಾಸ್ಟರ್ (ದೂರದಿಂದ ಪೂರಾ ಸೀನು) ಹೊಡಿತಾರ, ಆಮ್ಯಾಲೆ ಭುಜದ ಮ್ಯಾಲಿಂದ, ಕಡೀಕ ಕ್ಲೋಸ್ (ಹತ್ರದಿಂದ ಮಾರಿ). ಅಷ್ಟೊತ್ತಿಗೆ ನಟಿ ಬಸದ ಹೋಗಿರ್ತಾಳ, ಗ್ಲಿಸರಿನ್ ಹಾಕಿ ಕುಂಡ್ರಸ್ತಾರ. ಮಾಸ್ಟರ್‌ದಾಗ ಕಣ್ಣೀರು ಯಾರಿಗೆ ಕಾಣತದ? ಕ್ಲೋಸ್ ಮೊದಲ ತಗೋಬೇಕು. ಇದನ್ನ ನಿಮ್ಮ ಹಾಳಿ ಹೇಳಕೊಡಂಗಿಲ್ಲ.

ಶೈಲಾ: ಇದು ಒಪ್ಪಿದೆ. ಆದ್ರ ಕ್ಲೋಸ್ ಮೊದಲ ತಗೊಂಡ್ರ, ಯಾವ ಮಾತಿಗೆ ತಲಿ ತಿರುಗಿಸಿದ್ಲು ಅನ್ನೂದು ಬರದಿಟ್ಟಿರಬೇಕು. ಇಲ್ಲಾಂದ್ರ ಮಾಸ್ಟರ್‌ಗೆ ಕೂಡಂಗಿಲ್ಲ. ಮತ್ತ ಹಾಳಿಗೇ ಬಂದ್ರಿ ನೋಡ್ರಿ 😄

ಸಲೀಂ: ನೀವಿಬ್ರೂ ಸೀರಿಯಲ್ ಬಿಟ್ಟು ಹೊರಗ ಬರವಲ್ರಿ. ಹಾವೇರಿ ಸಾಹಿತ್ಯ ಸಮ್ಮೇಳನದಂಥಾದ್ದು ಲೈವ್ ಬಂದ್ರ ಓಬಿ ವ್ಯಾನಿನಾಗ (ಲೈವ್ ಪ್ರಸಾರದ ಗಾಡಿ) ಕುಂತಾಂವನೂ ಟಿವಿ ಡೈರೆಕ್ಟರನ. ಪೋಸ್ಟರಿನಾಗ ಅಂವ ಎಲ್ಲಿದ್ದಾನ? ಎರಡನೇ ಕ್ಯಾಮೆರಾ ಬೇಕಾದ್ರ ‘ಎರಡು ರೆಡಿ’ ಅಂದು ಪ್ರಿವ್ಯೂ ಪರದೆ ನೋಡಿ ‘ಎರಡು ಟೇಕ್’ ಅನಬೇಕು. ರೆಡಿ ಅನ್ನದ ಟೇಕ್ ಅಂದ್ರ ಕ್ಯಾಮೆರಾದಾಂವ ಫೋಕಸ್ ಹುಡುಕೂದು ಮನಿಮನಿಗೆ ಕಾಣತದ. ಟ್ಯಾಲಿ ಲೈಟ್ (ಈ ಕ್ಯಾಮೆರಾದ ಚಿತ್ರ ಪ್ರಸಾರ ಆಗಾಕತ್ತದಂತ ತೋರಸೂ ದೀಪ) ಹತ್ತಿದಾಗ ಕ್ಯಾಮೆರಾ ಅಳ್ಳಾಡಸಂಗಿಲ್ಲ.

ಮಂಜು: ಸಲೀಂ, ಈ ಹುಡುಗ ಕ್ಯಾಮೆರಾ ಕಲೀಬೇಕೇನು?

ಸಲೀಂ: ಹಿಡಿಯೂದು ಬ್ಯಾಡ, ಗೊತ್ತಿರಲಿ. ಎರಡು ಕ್ಯಾಮೆರಾ ಇದ್ರ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್, ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಎರಡಕ್ಕೂ ಒಂದ ಅಂಕಿ. ನಮ್ಮ ಕರೆಂಟು 50 ಹರ್ಟ್ಸ್. ಶಟರ್ 1/60 ಇಟ್ರ ಕೆಲವು ಟ್ಯೂಬ್‌ಲೈಟಿನ ಕೆಳಗ ಚಿತ್ರ ಮಿಣುಕತದ, ಎಡಿಟಿನಾಗ ಅದನ್ನ ತಗಿಯೂದು ದೊಡ್ಡ ತಲಿಬ್ಯಾನಿ. ಆಟೋ ವೈಟ್ ಬ್ಯಾಲೆನ್ಸ್ ಬಿಟ್ರ ಶಾಟಿಗೊಂದು ಮೈಬಣ್ಣ.

ಶೈಲಾ: ಸೆಟ್ಟಿನಾಗ ಧ್ವನಿ ಹಿಡಿತಿದ್ರ ಫ್ಯಾನು, ಫ್ರಿಜ್ ಬಂದ್. ಫ್ರಿಜ್ ಮತ್ತ ಚಾಲೂ ಮಾಡೂದು ಮರೀತಾರಂತ ಗಾಡಿ ಕೀಲಿ ಅದರೊಳಗ ಇಡತಾರ, ಕೀಲಿ ಬಿಟ್ಟು ಯಾರೂ ಮನಿಗೆ ಹೋಗಂಗಿಲ್ಲ. ಪ್ಯಾಕಪ್‌ಕ್ಕಿಂತ ಮೊದಲ ಖಾಲಿ ಖೋಲಿ ಧ್ವನಿ 30 ಸೆಕೆಂಡ್ ತಗೋರಿ, ಕಟ್‌ಗಳ ನಡುವ ತುಂಬಸಾಕ ಬೇಕಾಗತದ.

ಈರಣ್ಣ: ಮಂಜ್ಯಾ, ಪೋಸ್ಟರಿನ ದೊಡ್ಡ ತಪ್ಪು ಆ ಕಡೀ ಸಾಲು. ಎಪಿಸೋಡ್ ಡೈರೆಕ್ಟರ್ ಅನ್ನೂ ಮೆಟ್ಟಿಲನ್ನ ನುಂಗ್ಯಾರ. ಸೆಟ್ಟಿನಾಗ ದಿನಾ ಆಕ್ಷನ್ ಅನ್ನಾಂವ ಅಂವ. ಮುಖ್ಯ ಡೈರೆಕ್ಟರ್ ಕಥಿ ಮೀಟಿಂಗು, ಎಡಿಟ್, ಚಾನೆಲ್ ಕಡೆ ಓಡಾಡ್ತಿರ್ತಾನ.

ಶೈಲಾ: ಖರೇ. ಅದರಾಗ ಗುರುವಾರ ಬಾರ್ಕ್ (ಟಿವಿ ನೋಡೂರ ಲೆಕ್ಕ ಹಾಕೂ ಸಂಸ್ಥೆ) ರೇಟಿಂಗ್ ಬರತದ. ಬಿದ್ರ ಕಥಿ ತಿರುಗಸ್ರಿ ಅಂತಾರ, ಬ್ಯಾಂಕಿನಾಗಿದ್ದ, ಅಂದ್ರ ಮೊದಲ ತಗದಿಟ್ಟ, ಎಪಿಸೋಡ್ ಒಡದು ಹೊಸ ಸೀನ್ ಸೇರಸಬೇಕು. ಬ್ಯಾಂಕ್ ಇಲ್ಲದಿದ್ರ ಇವತ್ತ ತಗದದ್ದು ನಾಳಿಗೆ ಹೋಗಬೇಕು, ತಪ್ಪು ತಿದ್ದಾಕ ಯಾರಿಗೂ ವ್ಯಾಳ್ಯಾ ಇರಂಗಿಲ್ಲ.

ಮಂಜು: ಹಂಗಾರ ಅವಗ ಏನ್ ಹೇಳ್ಲಿ?

ಈರಣ್ಣ: ಡಿಗ್ರಿ ಮುಗದಿದ್ರ ಪುಣೆ ಎಫ್‌ಟಿಐಐದ (ಸರ್ಕಾರಿ ಸಿನಿಮಾ–ಟಿವಿ ಸಂಸ್ಥೆ) ಟಿವಿ ವಿಭಾಗದ ಪ್ರವೇಶ ಪರೀಕ್ಷೆ ಕಟ್ಟಲಿ. ಆಗಲಿಲ್ಲಂದ್ರ ನೇರ ಸೆಟ್ಟಿಗೆ. ರೊಕ್ಕ ಕಟ್ಟಿ ಪೋಸ್ಟರ್ ಕೋರ್ಸಿಗೆ ಸೇರೂದು ಬ್ಯಾಡ.

ಶೈಲಾ: ಸೆಟ್ಟಿಗೆ ಹೋಗೂದಿದ್ರ ಬಯೋಡೇಟಾ ಹಿಡಕೊಂಡು ಹೋಗೂದಲ್ಲ. ಊಟದ ಮೇಜಿನ ಎರಡು ನಿಮಿಷದ ಸೀನು ತಗೊಂಡು ಶಾಟ್ ಡಿವಿಷನ್ (ಯಾವ ಮಾತು ಯಾವ ಶಾಟಿನಾಗ ಅಂತ) ಬರದು ಒಯ್ಯಲಿ. ಮಾತಾಡೂ ಇಬ್ರ ನಡುವ ಒಂದು ಗೆರಿ ಐತಂತ ತಿಳಕೊಂಡು ಕ್ಯಾಮೆರಾ ಅದನ್ನ ದಾಟಬಾರದು. ಮೂರನೇದಾಂವ ಬಂದು ಕುಂತ ಕೂಡ್ಲೆ ಗೆರಿ ಬದಲಾಗತದ, ಆ ತಿರುಗೂದನ್ನ ಶಾಟಿನಾಗ ತೋರಸಬೇಕು. ಇಲ್ಲಾಂದ್ರ ಎದುರಾ ಬದರಾ ಕುಂತಾರು ಇಬ್ರೂ ಒಂದ ಕಡೆ ನೋಡಿದಂಗ ಕಾಣತಾರ. ಬರದಿದ್ದನ್ನ ಮೊದಲ ಇಲ್ಲಿ ಹಾಕು, ನೋಡಿ ಹೇಳ್ತೀವಿ.

ಸಲೀಂ: ಕ್ಯಾಮೆರಾ ಎಲ್ಲಿ ಇಡತಾನಂತ ನೆಲದ ನಕ್ಷಾನೂ ಬಿಡಸಂತ ಹೇಳು.