ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುವ ಕಾರು: ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ಅಣ್ಣ: ನನ್ನ ಸರದಿ ಮುಗಿಯಿತು, ನಮ್ಮೆಲ್ಲರ ಕಾರು ತಂದು ನಿಲ್ಲಿಸಿದ್ದೇನೆ. ಕೀಲಿಕೈ ಅಮ್ಮನ ಹತ್ತಿರ ಇದೆ. ಬ್ರೇಕ್ ಒತ್ತಿದಾಗ ಗಾಡಿ ಎಡಕ್ಕೆ ಎಳೆಯುತ್ತದೆ, ಗಮನವಿರಲಿ. ಸ್ಟೀರಿಂಗ್ ಬಿಗಿಯಾಗಿ ಹಿಡಿದರೆ ತೊಂದರೆಯಿಲ್ಲ.

ಅಕ್ಕ: ತೊಂದರೆಯಿಲ್ಲವೇ? ಶನಿವಾರ ಅಮ್ಮನನ್ನು ಕೂರಿಸಿಕೊಂಡು ಹೊರಡುವವಳು ನಾನು. ನಿನ್ನ ಸರದಿಯಲ್ಲಿ ಕೆಟ್ಟದ್ದನ್ನು ನೀನೇ ಸರಿಮಾಡಿಸಿ ಕೊಡು.

ಅಣ್ಣ: ನನ್ನ ಸರದಿಯಲ್ಲೇ ಕೆಟ್ಟಿತು ಎಂದು ಯಾರು ಹೇಳಿದರು? ನಾನು ತೆಗೆದುಕೊಂಡಾಗಲೇ ಸ್ವಲ್ಪ ಎಳೆಯುತ್ತಿತ್ತು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಗಾಡಿ, ಎಚ್ಚರಿಕೆಯ ದೀಪ ಒಂದೂ ಹತ್ತಿಲ್ಲ.

ಭಾವ: ಇದು ಚಕ್ರಗಳ ಕೋನ ತಪ್ಪುವ ವೀಲ್ ಅಲೈನ್‌ಮೆಂಟ್ ಸಮಸ್ಯೆ. ಎಲ್ಲೋ ಗುಂಡಿಗೆ ಇಳಿದಿರಬೇಕು. ಶುಕ್ರವಾರ ಒಂದು ಗಂಟೆಯ ಕೆಲಸ.

ನಾನು: ಅಣ್ಣ, ಬ್ರೇಕ್ ಮುಟ್ಟದೆ ನೇರ ರಸ್ತೆಯಲ್ಲಿ ಹೋಗುವಾಗಲೂ ಎಳೆಯುತ್ತದೆಯೇ?

ಅಣ್ಣ: ಇಲ್ಲ. ಆಗ ನೆಟ್ಟಗೆ ಹೋಗುತ್ತದೆ.

ನಾನು: ಹಾಗಾದರೆ ಭಾವ, ಅಲೈನ್‌ಮೆಂಟ್ ಮೇಲೆ ನನಗೆ ಅನುಮಾನ ಕಡಿಮೆ. ಅದು ತಪ್ಪಿದ್ದರೆ ಗಾಡಿ ಸುಮ್ಮನೆ ಓಡುವಾಗಲೂ ಒಂದು ಕಡೆಗೆ ವಾಲುತ್ತದೆ. ಚಕ್ರವನ್ನು ಗಾಡಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ನ ರಬ್ಬರ್ ಬುಷ್ ಸವೆದಿದ್ದರೆ ಬ್ರೇಕ್ ಒತ್ತಿದಾಗ ಮಾತ್ರ ಎಳೆಯಬಹುದು, ಅದನ್ನೂ ನೋಡಿಸೋಣ. ಮೊದಲು ಟೈರ್‌ಗಳ ಗಾಳಿ ಎರಡೂ ಕಡೆ ಸಮ ಇದೆಯೇ ನೋಡಬೇಕು. ಎಬಿಎಸ್ ದೀಪವನ್ನು ಮಾತ್ರ ನಂಬಬೇಡಿ. ಅದು ಚಕ್ರದ ವೇಗ ಅಳೆಯುವ ಸೆನ್ಸರ್‌ಗಳಲ್ಲಿ, ವಿದ್ಯುತ್ ಭಾಗಗಳಲ್ಲಿ ದೋಷವಿದ್ದರೆ ಹತ್ತುತ್ತದೆ. ಚಕ್ರದ ಜೊತೆ ತಿರುಗುವ ಲೋಹದ ಡಿಸ್ಕನ್ನು ಪ್ಯಾಡ್‌ಗಳಿಂದ ಒತ್ತಿ ಹಿಡಿಯುವ ಕ್ಯಾಲಿಪರ್ ತುಕ್ಕು ಹಿಡಿದು ಕಚ್ಚಿಕೊಂಡರೆ ಅದಕ್ಕೆ ತಿಳಿಯುವುದಿಲ್ಲ.

ಅಣ್ಣ: ಗಾಳಿ ನಿನ್ನೆಯಷ್ಟೇ ಹಾಕಿಸಿದ್ದೇನೆ, ಸಮ ಇದೆ. ಎಡಕ್ಕೆ ಎಳೆಯುತ್ತದೆ ಎಂದರೆ ಎಡಗಡೆಯ ಬ್ರೇಕ್ ಕೆಟ್ಟಿದೆ ತಾನೇ? ಅದೊಂದನ್ನೇ ಬಿಚ್ಚಿಸಿದರಾಯಿತು.

ನಾನು: ಇಲ್ಲೇ ಎಲ್ಲರೂ ತಪ್ಪು ಚಕ್ರ ಬಿಚ್ಚಿಸುವುದು. ಗಾಡಿ ಎಳೆಯುವುದು ಬ್ರೇಕ್ ಹೆಚ್ಚು ಹಿಡಿಯುವ ಕಡೆಗೆ. ಎಡಗಡೆಯದು ಬಿಡದೆ ಕಚ್ಚಿಕೊಂಡಿರಬಹುದು, ಅಥವಾ ಎಡಗಡೆಯದು ಸರಿಯಾಗಿಯೇ ಇದ್ದು ಬಲಗಡೆಯದು ಸೋಮಾರಿಯಾಗಿರಬಹುದು. ನೀನು ಈಗಷ್ಟೇ ಗಾಡಿ ನಿಲ್ಲಿಸಿದ್ದೀಯ, ಚಕ್ರಗಳು ಇನ್ನೂ ಆರಿರುವುದಿಲ್ಲ. ತಡಮಾಡದೆ ಹೋಗಿ ಮುಂದಿನ ಎರಡು ಚಕ್ರಗಳ ಹತ್ತಿರ ಕೈ ಹಿಡಿದು ನೋಡು. ಡಿಸ್ಕ್ ಮುಟ್ಟಬೇಡ, ಸುಟ್ಟೀತು. ಎರಡರ ಬಿಸಿಯಲ್ಲಿ ವ್ಯತ್ಯಾಸ ಇದೆಯೇ ಹೇಳು.

ಅಣ್ಣ: ನೋಡಿ ಬಂದೆ. ಎಡಗಡೆ ಚೆನ್ನಾಗಿ ಕಾದಿದೆ. ಬಲಗಡೆ ಬರೀ ಬೆಚ್ಚಗಿದೆ.

ಭಾವ: ಅಲ್ಲಿಗೆ ಎಡಗಡೆಯದೇ ಕಚ್ಚಿಕೊಂಡಿದೆ ಎಂದಾಯಿತಲ್ಲ!

ನಾನು: ಅಷ್ಟಕ್ಕೇ ತೀರ್ಮಾನಿಸಲಾಗದು ಭಾವ. ಪೇಟೆಯೊಳಗೆ ಬ್ರೇಕ್ ಒತ್ತುತ್ತಲೇ ಬಂದ ಗಾಡಿ, ಬಲಗಡೆಯದು ಹಿಡಿಯದೆ ಎಡಗಡೆಯದೇ ಹೆಚ್ಚು ದುಡಿದಿದ್ದರೂ ಹೀಗೇ ಕಾಯುತ್ತದೆ. ಕಚ್ಚಿಕೊಂಡಿದ್ದರೆ ಬ್ರೇಕ್ ಬಿಟ್ಟ ಮೇಲೂ ಎಳೆತ ಉಳಿಯುತ್ತಿತ್ತು. ಅಣ್ಣ ಹಾಗಾಗುವುದಿಲ್ಲ ಎನ್ನುತ್ತಿದ್ದಾನೆ. ಜಾಕ್ ಹಾಕಿ ಚಕ್ರ ಎತ್ತಿ ಕೈಯಿಂದ ತಿರುಗಿಸಿದರೆ ಖಚಿತವಾಗುತ್ತದೆ.

ಚಿಕ್ಕಪ್ಪ: ನಾನು ಪಕ್ಕದಲ್ಲೇ ಇದ್ದೇನೆ. ಗಾಡಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು ನೋಡುತ್ತೇನೆ. ಬರೀ ಜಾಕ್ ನಂಬಿ ಯಾರೂ ಕೈ ಹಾಕಬೇಡಿ.

ಚಿಕ್ಕಪ್ಪ: ಎಡ ಚಕ್ರ ಸಲೀಸಾಗಿ ತಿರುಗುತ್ತದೆ. ಅದರಲ್ಲಿ ದೋಷವಿಲ್ಲ. ಬಲಗಡೆಯದನ್ನೇ ಬಿಚ್ಚಿಸಬೇಕು.

ಅಣ್ಣ: ಸರಿ, ಸಿಕ್ಕಿತಲ್ಲ. ಅಕ್ಕ ಶನಿವಾರ ನಿಧಾನವಾಗಿ ಓಡಿಸಲಿ. ಸೋಮವಾರ ಗ್ಯಾರೇಜಿಗೆ ಬಿಡುತ್ತೇನೆ.

ನಾನು: ಬೇಡ. ಬಲಗಡೆಯ ಬ್ರೇಕ್ ಹಿಡಿಯದ ಗಾಡಿಯನ್ನು ಯಾರೂ ರಸ್ತೆಗೆ ಇಳಿಸಬಾರದು. ನಿಧಾನವಾಗಿ ಹೋಗುವವರಿಗೂ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಬೇಕಾಗುತ್ತದೆ. ರಸ್ತೆ ಒದ್ದೆಯಿದ್ದರೆ ಆ ಒಂದು ಕ್ಷಣದಲ್ಲಿ ಗಾಡಿ ಅಡ್ಡ ತಿರುಗಬಹುದು. ಒಳಗೆ ಅಮ್ಮ ಇರುತ್ತಾರೆ.

ಚಿಕ್ಕಪ್ಪ: ಅವನು ಹೇಳುವುದು ಸರಿ. ಮೆಕ್ಯಾನಿಕ್‌ನನ್ನು ನಾಳೆ ಮನೆಗೇ ಕರೆಸುತ್ತೇನೆ.

(ಮರುದಿನ)

ಚಿಕ್ಕಪ್ಪ: ಬಲಗಡೆಯ ಕ್ಯಾಲಿಪರ್‌ನ ಕೆಳಗಿನ ಸ್ಲೈಡ್ ಪಿನ್, ಅಂದರೆ ಕ್ಯಾಲಿಪರ್ ಜಾರುವ ಕಡ್ಡಿ, ಜಾಮ್ ಆಗಿದೆ. ಪಿನ್ನಿನ ರಬ್ಬರ್ ಹೊದಿಕೆ, ಅಂದರೆ ಬೂಟ್, ಹರಿದಿದೆ, ನೀರು ಒಳಗೆ ಹೋಗಿ ತುಕ್ಕು ಹಿಡಿದಿದೆ. ಪ್ಯಾಡ್ ಓರೆಯಾಗಿ ಸವೆದಿದೆ, ಒಂದು ತುದಿ ದಪ್ಪ, ಇನ್ನೊಂದು ತೆಳು. ಪಿನ್ ತೆಗೆದು ಉಜ್ಜಿ ಗ್ರೀಸ್ ಹಚ್ಚಿದರೆ ಆಯಿತು ಎನ್ನುತ್ತಾನೆ.

ನಾನು: ಪ್ಯಾಡನ್ನು ತಳ್ಳುವ ಪಿಸ್ಟನ್ ಸರಾಗವಾಗಿ ಚಲಿಸುತ್ತದೆಯೇ? ಬ್ರೇಕ್ ಎಣ್ಣೆ ಸಾಗುವ ರಬ್ಬರ್ ಕೊಳವೆ, ಅಂದರೆ ಹೋಸ್, ನೋಡಿದರೇ? ಹೊರಗಿನಿಂದ ಹೊಸದರಂತೆ ಕಂಡರೂ ಒಳಪದರ ಸುಲಿದು ಎಣ್ಣೆಯ ದಾರಿ ಮುಚ್ಚಿಕೊಂಡಿರಬಹುದು. ಆಗಲೂ ಆ ಚಕ್ರ ಹೀಗೆಯೇ ಹಿಂದೆ ಬೀಳುತ್ತದೆ.

ಚಿಕ್ಕಪ್ಪ: ಎಣ್ಣೆ ಹೊರಬಿಡುವ ಬ್ಲೀಡರ್ ತಿರುಪು ತೆರೆದು ಪೆಡಲ್ ಒತ್ತಿಸಿದ. ಎಣ್ಣೆ ಎರಡೂ ಕಡೆ ಒಂದೇ ರಭಸದಲ್ಲಿ ಬಂತು. ಪಿಸ್ಟನ್ ಸರಿಯಾಗಿದೆ. ಬುಷ್‌ಗಳೂ ಗಟ್ಟಿಯಾಗಿವೆ. ಎಣ್ಣೆ ಮಾತ್ರ ಕಪ್ಪಾಗಿದೆ.

ನಾನು: ಹಾಗಾದರೆ ಪಿನ್ನುಗಳ ಸೆಟ್ ಮತ್ತು ಬೂಟ್ ಹೊಸದು ಹಾಕಿಸಿ. ಹರಿದ ಬೂಟ್ ಹಾಗೇ ಬಿಟ್ಟರೆ ಮತ್ತೆ ತುಕ್ಕು ಹಿಡಿಯುತ್ತದೆ. ಗ್ರೀಸ್ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಆಗಿರಲಿ. ಬೇರಿಂಗಿಗೆ ಹಚ್ಚುವ ಸಾಮಾನ್ಯ ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಬಿಗಿಯುತ್ತದೆ. ಪ್ಯಾಡ್ ಎರಡೂ ಕಡೆ ಬದಲಾಯಿಸಿ.

ಭಾವ: ಎಡಗಡೆಯ ಪ್ಯಾಡ್ ಚೆನ್ನಾಗಿರುವಾಗ ಅದನ್ನೇಕೆ ಎಸೆಯಬೇಕು? ಇದು ದುಂದು.

ನಾನು: ಬಲಗಡೆ ಹೊಸದು, ಎಡಗಡೆ ಹಳೆಯದು ಇದ್ದರೆ ಎರಡರ ಹಿಡಿತ ಬೇರೆ ಬೇರೆ. ಯಾವ ಎಳೆತ ಹೋಗಲಿ ಎಂದು ಬಿಚ್ಚಿಸಿದೆವೋ ಅದನ್ನೇ ಮತ್ತೆ ತಂದುಕೊಂಡ ಹಾಗೆ. ಅದಕ್ಕೇ ಪ್ಯಾಡ್‌ಗಳನ್ನು ಯಾವಾಗಲೂ ಜೋಡಿಯಾಗಿ ಬದಲಾಯಿಸುವುದು. ಡಿಸ್ಕ್‌ಗಳ ದಪ್ಪವನ್ನೂ ಅಳೆಯಲಿ, ಎಷ್ಟರವರೆಗೆ ಸವೆಯಬಹುದು ಎಂಬ ಅಳತೆ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಇರುತ್ತದೆ. ಎಣ್ಣೆಯನ್ನೂ ಪೂರ್ತಿ ಬದಲಾಯಿಸಬೇಕು. ಅದು ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದು ಎಣ್ಣೆ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಭಾವ: ಒಪ್ಪಿದೆ. ಪ್ಯಾಡ್ ಜೋಡಿಯಾಗಿಯೇ ಆಗಲಿ.

ಅಕ್ಕ: ಖರ್ಚು ಅಣ್ಣನದೇ ತಾನೇ?

ನಾನು: ಇಲ್ಲ ಅಕ್ಕ. ಅಷ್ಟು ತುಕ್ಕು ಒಬ್ಬರ ಸರದಿಯಲ್ಲಿ ಹಿಡಿಯುವುದಿಲ್ಲ. ಆ ಬೂಟ್ ಹರಿದು ಬಹಳ ಕಾಲವಾಗಿದೆ, ನಾವೆಲ್ಲರೂ ಓಡಿಸಿದ್ದೇವೆ. ಸವೆತದ ಖರ್ಚನ್ನು ಸಮನಾಗಿ ಹಂಚಿಕೊಳ್ಳೋಣ. ಆದರೆ ಅಣ್ಣ, ಮೊದಲೇ ಎಳೆಯುತ್ತಿತ್ತು ಎಂದು ನೀನೇ ಹೇಳಿದೆ. ಅಂದೇ ಇಲ್ಲಿ ಬರೆಯಬೇಕಿತ್ತು. ಬ್ರೇಕಿನಲ್ಲಿ ಸಣ್ಣ ವ್ಯತ್ಯಾಸ ಕಂಡರೂ ಕಂಡವರು ಅದೇ ದಿನ ತಿಳಿಸಲಿ, ಕಾರಣ ತಿಳಿಯುವವರೆಗೆ ಗಾಡಿ ನಿಲ್ಲಲಿ.

ಅಣ್ಣ: ಆಗಲಿ. ನನ್ನ ಪಾಲನ್ನು ಚಿಕ್ಕಪ್ಪನಿಗೆ ಇಂದೇ ಕಳುಹಿಸುತ್ತೇನೆ.

ಅಕ್ಕ: ನಾನೂ ಕಳುಹಿಸುತ್ತೇನೆ. ಆದರೆ ಕೀಲಿಕೈ ನನಗೆ ಶುಕ್ರವಾರ ಸಂಜೆಯೇ ಬೇಕು. ಅಮ್ಮನನ್ನು ಕೂರಿಸುವ ಮೊದಲು ಖಾಲಿ ರಸ್ತೆಯಲ್ಲಿ ನಾನೇ ಓಡಿಸಿ ನೋಡುತ್ತೇನೆ.

ಚಿಕ್ಕಪ್ಪ: ಹಾಗೇ ಮಾಡಮ್ಮ. ಹೊರಡುವ ಮೊದಲು ನಿಂತಲ್ಲೇ ಪೆಡಲ್ ನಾಲ್ಕಾರು ಬಾರಿ ಒತ್ತು, ಗಟ್ಟಿಯಾಗಲಿ. ಮೊದಲು ಸಾಧಾರಣ ವೇಗದಿಂದ ಮೃದುವಾಗಿ ಕೆಲವು ಸಲ ಬ್ರೇಕ್ ಹಿಡಿ, ನಡುವೆ ಆರಲು ಬಿಡು. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಆಮೇಲೆ ಮನೆಗೆ ಬಂದು ಎರಡೂ ಚಕ್ರಗಳ ಬಿಸಿ ಹೋಲಿಸಿ ನೋಡು. ಸಮ ಇಲ್ಲದಿದ್ದರೆ ಶನಿವಾರ ಬೇರೆ ಗಾಡಿ ಗೊತ್ತುಮಾಡೋಣ.