ಹಾಸ್ಟೆಲ್ ಮಕ್ಕಳ ತೂಕ: ನೋಟಿಸ್ ಬೋರ್ಡಿಗೆ ಹಾಕುವುದು ಸರಿಯಾ?

ಮೆಸ್ ಸಮಿತಿ, ಉಡುಪಿ:
120 ಕಾಲೇಜು ಮಕ್ಕಳ ಹಾಸ್ಟೆಲ್, ಎಲ್ಲರೂ 18 ದಾಟಿದವರು. ಬೆಳಿಗ್ಗೆ ತಿಂಡಿ ಬಿಟ್ಟು ಕ್ಲಾಸಿಗೆ ಓಡ್ತಾರೆ, ಸಂಜೆ ನಾಲ್ಕೂವರೆಗೆ ಗೋಳಿಬಜೆ, ಬನ್ಸ್‌ನಂಥ ಕರಿದ ತಿಂಡಿಗೆ ಮುಗಿಬೀಳ್ತಾರೆ. ತಿಂಗಳಿಗೊಮ್ಮೆ ಎಲ್ಲರ ತೂಕ ಬೋರ್ಡಿಗೆ ಹಾಕುವ ಅಂತ ಒಬ್ಬರ ಸಲಹೆ ಉಂಟು. ತೂಕ ಏರದ ಹಾಗೆ ಬೇರೆ ಎಂತ ಮಾಡ್ಬಹುದು?

ಡಯಟೀಷಿಯನ್, ಮಂಗಳೂರು:
ಬೋರ್ಡ್ ಬೇಡ ಮಾರಾಯ್ರೆ. ನಾಚಿಕೆಯಾದವರು ತೂಕದ ಮುನ್ನಾದಿನ ಉಪವಾಸ ಕೂತು ಮರುದಿನ ದುಪ್ಪಟ್ಟು ತಿಂತಾರೆ. ಮೆಷಿನ್ ಒಂದು ಕೋಣೆಯಲ್ಲಿರಲಿ. ಬೇಕಾದವರು ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿಕೊಳ್ಳಲಿ. ದಿನಾ ನೋಡಿದರೆ ಉಪ್ಪು, ನೀರಿನಿಂದಲೇ ಒಂದು ಕಿಲೋ ಆಚೀಚೆ ಆಗ್ತದೆ. ನಮ್ಮ ಭಾರತೀಯರಿಗೆ ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು) 23ರಿಂದ ಹೆಚ್ಚು ತೂಕ, 25ರಿಂದ ಬೊಜ್ಜು. 18.5ಕ್ಕಿಂತ ಕೆಳಗಿದ್ದರೆ ಇಳಿಸುವ ಮಾತೇ ಬೇಡ. ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳ.
ಮುಟ್ಟು ನಿಂತವರು, ಉಂಡದ್ದನ್ನು ಬೇಕೆಂದೇ ವಾಂತಿ ಮಾಡುವವರು ಕಂಡರೆ ಡಯಟ್ ಚಾರ್ಟ್ ಕೊಡಬೇಡಿ, ಡಾಕ್ಟರ ಹತ್ತಿರ ಕಳಿಸಿ.

ಅಡುಗೆ ಲೆಕ್ಕ ನೋಡುವವರು:
ಮಕ್ಕಳನ್ನು ತೂಗುವ ಮೊದಲು ಎಣ್ಣೆ ಡಬ್ಬ ಎಣಿಸಿ. ತಲೆಗೆ ದಿನಕ್ಕೆ 25 ಗ್ರಾಂ ಅಂದರೆ 120 ಮಂದಿಗೆ ತಿಂಗಳಿಗೆ 90 ಕಿಲೋ, 15 ಕಿಲೋದ ಆರು ಡಬ್ಬ. ಹೊರಗೆ ಕರಿದದ್ದು ತಿನ್ನುವುದು ಉಂಟೇ ಉಂಟು, ಹಾಗಾಗಿ ಐದಕ್ಕೆ ನಿಲ್ಲಿಸಿ. ತೆಂಗಿನಕಾಯಿ ಇದರಲ್ಲಿ ಸೇರಿಲ್ಲ, ಹಸಿ ಕಾಯಿತುರಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಬ್ಬೇ. ಗಸಿ (ಕಾಯಿ ಅರೆದ ಗಟ್ಟಿ ಸಾರು) ಮಾಡಿದ ದಿನ ಪಲ್ಯಕ್ಕೂ ಕಾಯಿ ಉದುರಿಸುವುದು ಬೇಡ. ಬಂಗುಡೆ ರವಾ ಫ್ರೈ ಬದಲು ಪುಳಿಮುಂಚಿ (ಹುಳಿ, ಮೆಣಸಿನ ಸಾರು) ಮಾಡಿ, ಯಾರೂ ಗೊಣಗುವುದಿಲ್ಲ.
ಗೋಳಿಬಜೆ ವಾರಕ್ಕೊಮ್ಮೆ ಇರಲಿ, ಪೂರ್ತಿ ನಿಲ್ಲಿಸಿದರೆ ಗೇಟಿನಾಚೆ ಹೋಗ್ತಾರೆ. ಎಣ್ಣೆ ಸರಿಯಾಗಿ ಕಾಯದೆ ಹಿಟ್ಟು ಬಿಟ್ಟರೆ ಎಣ್ಣೆ ಕುಡೀತದೆ. ಬಾಣಲೆ ತುಂಬ ಒಟ್ಟಿಗೆ ಬಿಟ್ಟರೂ ಕಾವು ಇಳಿದು ಅದೇ ಕಥೆ.

ಮೆಸ್ ಸಮಿತಿ:
ಕುಚ್ಚಲಕ್ಕಿ ಎಷ್ಟು ಉಂಡರೂ ದಪ್ಪ ಆಗುದಿಲ್ಲ ಅಂತಾರಲ್ಲ?

ಡಯಟೀಷಿಯನ್:
ಸುಳ್ಳು. ಯಾವ ಅಕ್ಕಿಯಾದರೂ 100 ಗ್ರಾಂಗೆ ಸುಮಾರು 350 ಕ್ಯಾಲರಿ. ಗಂಜಿಯಲ್ಲಿ ನೀರು ಜಾಸ್ತಿ, ಬಟ್ಟಲಿಗೆ ಅಕ್ಕಿ ಕಡಿಮೆ, ಅಷ್ಟೇ. ಆದರೆ ಬರೀ ಗಂಜಿ, ಉಪ್ಪಿನಕಾಯಿ ಕೊಟ್ಟರೆ 11 ಗಂಟೆಗೇ ಹಸಿವು. ಒಂದು ಸೌಟು ಬೇಯಿಸಿದ ಹೆಸರುಕಾಳೋ ಎರಡು ಮೊಟ್ಟೆಯೋ (12 ಗ್ರಾಂ ಪ್ರೋಟೀನ್) ಜೊತೆಗಿರಲಿ. ತಿಂಡಿಗೆ ನಿಲ್ಲದವರ ಕೈಗೆ ಬಾಗಿಲಲ್ಲೇ ಮೊಟ್ಟೆ, ಬಾಳೆಹಣ್ಣು ಕೊಡಿ. ಸಂಜೆಯ ಮುಗಿಬೀಳುವಿಕೆಗೆ ಮೂಲ ಬೆಳಿಗ್ಗೆಯ ಖಾಲಿ ಹೊಟ್ಟೆ.
ಬಡಿಸುವ ಸಾಲಲ್ಲಿ ತೊಂಡೆಕಾಯಿ ಪಲ್ಯ, ಬಸಳೆ ಮೊದಲಿಡಿ, ಅನ್ನ ಕೊನೆಗೆ. ಅರ್ಧ ತುಂಬಿದ ತಟ್ಟೆಗೆ ಅನ್ನ ತಾನಾಗಿ ಕಡಿಮೆ ಬೀಳ್ತದೆ. ಬೇಸಗೆಯಲ್ಲಿ ವಾಕಿಂಗ್ ಸರಿ, ಮಳೆಗಾಲದ ನಾಲ್ಕು ತಿಂಗಳು ಯಾರೂ ಹೋಗುವುದಿಲ್ಲ. ಆಗ ಮೆಟ್ಟಿಲು, ಶಟಲ್. ಹೇಗಾದರೂ ವಾರಕ್ಕೆ 150 ನಿಮಿಷ.

ಮೆಸ್ ಸಮಿತಿ:
ಬೋರ್ಡ್ ಕ್ಯಾನ್ಸಲ್. ಕಳೆದ ತಿಂಗಳ ಬಿಲ್ಲಿನಲ್ಲಿ ಡಬ್ಬ ಎಂಟು ಉಂಟು.

ಅಡುಗೆ ಲೆಕ್ಕ ನೋಡುವವರು:
ಅಂದರೆ ತಲೆಗೆ ದಿನಕ್ಕೆ 33 ಗ್ರಾಂ. ಡಬ್ಬದಿಂದ ನೇರ ಸುರಿಯುವುದು ನಿಲ್ಲಿಸಿ, ಬೆಳಿಗ್ಗೆಯೇ ಆ ದಿನದ ಎರಡೂವರೆ ಕಿಲೋ ಅಳೆದು ಬೇರೆ ಪಾತ್ರೆಗೆ ಹಾಕಿ ಅಡುಗೆಯವರಿಗೆ ಕೊಡಿ.